ಹಸಿರಾಗುವವರೆಗೆ

ಸೋಮವಾರ ಬೆಳಿಗ್ಗೆ ಕೆಂಪಮ್ಮ ಜಗಳಕ್ಕೆ ಕಾಲು ಕೆರೆದುಕೊಂಡೇ ಹೊಸಬನ ಮೇಜಿನ ಹತ್ತಿರ ಹೋದಳು.

"ಏನ್ರೀ ಮಾಡಿದ್ದೀರಿ ನನ್ನ ಟೆಸ್ಟ್‌ಗಳಿಗೆ? ಶುಕ್ರವಾರ ಸಂಜೆ ಎಲ್ಲ ಚೆನ್ನಾಗಿದ್ವು. ಈಗ ನೋಡಿದ್ರೆ ಒಂದೂ ಉಸಿರಾಡ್ತಿಲ್ಲ."

ಹೊಸಬನ ಬಾಯಲ್ಲಿ ಬಿಸ್ಕೆಟ್ ಇತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ.

"ನಾನೇನೂ ಮಾಡಿಲ್ಲ... ಫೈಲ್‌ಗಳನ್ನ ಸ್ವಲ್ಪ ಓರಣ ಮಾಡ್ದೆ, ಅಷ್ಟೇ. ತಾಪಮಾನ ಓದೋ ಕೋಡನ್ನ ಬೇರೆ ಫೋಲ್ಡರ್‌ಗೆ ಹಾಕ್ದೆ. ನನ್ನ ಕಂಪ್ಯೂಟರಲ್ಲಿ ಎಲ್ಲ ಹಸಿರು ಬಂತಲ್ಲ."

"ಹೌದಾ? ಹಾಗಾದ್ರೆ ನಿಮ್ಮ ಕಂಪ್ಯೂಟರನ್ನೇ ಪ್ಯಾಕ್ ಮಾಡಿ ಆಸ್ಪತ್ರೆಗೆ ಕಳಿಸೋಣ್ವಾ?"

ಸುತ್ತ ಕೂತಿದ್ದವರು ಕಿಸಕ್ಕೆಂದರು. ಹೊಸಬನ ಕಿವಿ ಕೆಂಪಾಯಿತು. ಕೆಂಪಮ್ಮನಿಗೆ ತಾನು ಸ್ವಲ್ಪ ಜಾಸ್ತಿಯೇ ಅಂದೆನೇನೋ ಅನಿಸಿತು, ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ.

ಕೆಂಪಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಔಷಧಿ, ಲಸಿಕೆ ಇಡುವ ಫ್ರಿಜ್‌ಗಳ ತಾಪವನ್ನು ಹಗಲೂ ರಾತ್ರಿ ಕಾಯುವ ಸಾಫ್ಟ್‌ವೇರ್ ಮಾಡುವ ಆ ಪುಟ್ಟ ಆಫೀಸಿನಲ್ಲಿ, ಎಲ್ಲರ ಕೋಡನ್ನೂ ಪರೀಕ್ಷೆಗೆ ಹಾಕುವುದು ಅವಳ ಕೆಲಸ. ಸರಿ ಇದ್ದರೆ ಪರದೆ ಹಸಿರು, ತಪ್ಪಿದ್ದರೆ ಕೆಂಪು. ಕೆಂಪು ಬಂದಾಗಲೆಲ್ಲ ಯಾರದಾದರೂ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದುದರಿಂದ ಈ ಬಿರುದು ಬಂದಿತ್ತು. ಅವಳ ಕಂಪ್ಯೂಟರಿಗೆ ಒಂದು ನಿಜವಾದ ಬಿಳಿ ಫ್ರಿಜ್‌ನ ವೈರು ಜೋಡಿಸಿದ್ದರು. ಹಾಗಾಗಿ ಬೇರೆಯವರ ಕಂಪ್ಯೂಟರ್ ಏನೇ ಹೇಳಲಿ, ಕೊನೆಯ ಮಾತು ಅವಳ ಕಂಪ್ಯೂಟರಿನದೇ.

ಆಫೀಸಿನ ಮುಖ್ಯಸ್ಥೆಯನ್ನು ಎಲ್ಲರೂ ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ದೊಡ್ಡಮ್ಮ ಎಂದೂ ಕರೆಯುತ್ತಿದ್ದರು. ನಾನಲ್ಲ ನೀನು, ನೀನಲ್ಲ ನಾನು ಎಂಬ ಜಗಳ ಕೇಳಿ ಕೇಳಿ ಸಾಕಾಗಿ ದೊಡ್ಡಮ್ಮ ಒಂದು ನಿಯಮ ಮಾಡಿದ್ದಳು. ಯಾರ ಬದಲಾವಣೆಯಿಂದ ಕೆಂಪು ಬಂತೋ ಅವರು ತಮ್ಮ ಕುರ್ಚಿ ಎತ್ತಿಕೊಂಡು ಹೋಗಿ, ಹಸಿರಾಗುವವರೆಗೆ ಕೆಂಪಮ್ಮನ ಪಕ್ಕ ಕೂರಬೇಕು. ಎಲ್ಲರೂ ಇದನ್ನು ಶಿಕ್ಷೆ ಎಂದೇ ತಿಳಿದಿದ್ದರು.

ಹೊಸಬ ಕುರ್ಚಿ ಎತ್ತಿಕೊಂಡು ಬಂದ. ಕೆಲಸಕ್ಕೆ ಸೇರಿದಾಗ ಕೊಟ್ಟಿದ್ದ ಪರೀಕ್ಷಾ ಅವಧಿ ಆ ಶುಕ್ರವಾರಕ್ಕೆ ಮುಗಿಯುವುದಿತ್ತು. ಉಳಿಸಿಕೊಳ್ಳುವುದೋ ಮನೆಗೆ ಕಳಿಸುವುದೋ ಎಂದು ದೊಡ್ಡಮ್ಮ ಆವತ್ತು ತೀರ್ಮಾನ ಮಾಡುವವಳಿದ್ದಳು. ಅಂಥ ವಾರದಲ್ಲೇ ಹೀಗಾಗಬೇಕೆ ಎಂದು ಅವನ ಮುಖದಲ್ಲೇ ಬರೆದಿತ್ತು.

ಪರದೆಯ ಮೇಲೆ, ಅವರ ಕೋಡನ್ನೆಲ್ಲ ನಡೆಸುವ ಪೈಥಾನ್‌ನ ಒಂದೇ ದೂರು: ಈ ಹೆಸರಿನ ಮಾಡ್ಯೂಲ್, ಅಂದರೆ ಕೋಡಿನ ಫೈಲು, ಸಿಗಲಿಲ್ಲ.

"ಸಿಗಲಿಲ್ಲ ಅಂದ್ರೆ? ಕಣ್ಣೆದುರಿಗೇ ಇದೆಯಲ್ಲ ಫೈಲು," ಎಂದಳು ಕೆಂಪಮ್ಮ.

"ಪೈಥಾನ್‌ಗೆ ಕಣ್ಣೆದುರು ಅಂತೆಲ್ಲ ಇಲ್ಲ ರೀ. ಹುಡುಕೋ ಜಾಗಗಳು ಅಂತ ಅದರ ಹತ್ರ ಒಂದಷ್ಟು ವಿಳಾಸ ಇರುತ್ತೆ. ಸಾಲಾಗಿ ಹೋಗಿ ಬಾಗಿಲು ತಟ್ಟುತ್ತೆ. ಮೊದಲು ಯಾವ ಮನೇಲಿ ಆ ಹೆಸರು ಸಿಗುತ್ತೋ ಅಲ್ಲೇ ಕೂತುಬಿಡುತ್ತೆ. ಮುಂದಿನ ಮನೆಗೆ ಹೋಗೋದೇ ಇಲ್ಲ."

"ನಮ್ಮ ಭಾವನ ಹಾಗೆ. ಮೊದಲನೇ ಅಂಗಡೀಲೇ ಷರ್ಟ್ ತಗೊಂಡು ಬಂದುಬಿಡ್ತಾರೆ."

ಅವನು ನಕ್ಕ. ಜೋರಾಗಿ ಅಲ್ಲ. ತಲೆ ಬಗ್ಗಿಸಿ, ನಗುವುದಕ್ಕೆ ಅನುಮತಿ ಇದೆಯೋ ಇಲ್ಲವೋ ಎಂಬಂತೆ. ಕೆಂಪಮ್ಮ ಅದನ್ನು ಓರೆಗಣ್ಣಲ್ಲಿ ನೋಡಿದಳು, ನೋಡಿದ್ದು ಗೊತ್ತಾಗಬಾರದೆಂದು ಫ್ರಿಜ್‌ನ ವೈರು ಸರಿಮಾಡಿದಳು. ವೈರು ಸರಿಯಾಗಿಯೇ ಇತ್ತು.

ಅವನು ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ನೋಡಿದ. ಪೈಥಾನ್‌ಗೆ ಗುರುತಾಗಲು ಫೋಲ್ಡರಿನೊಳಗೆ ಇರಬೇಕಾದ ಖಾಲಿ ಫೈಲು ಇದೆಯೇ ನೋಡಿದ. ಯೋಚನೆ ಮಾಡುವಾಗ ಕಿವಿಯ ತುದಿ ಹಿಡಿದು ಎಳೆಯುವುದು ಅವನ ಅಭ್ಯಾಸ. ತಪ್ಪು ಕೀಲಿ ಒತ್ತಿದರೆ ಕೀಬೋರ್ಡಿಗೆ ಮೆಲ್ಲಗೆ ಸಾರಿ ಹೇಳುತ್ತಿದ್ದ. ಕೆಂಪಮ್ಮ ಎಷ್ಟೋ ಜನರ ಪಕ್ಕ ಕೂತಿದ್ದಳು. ಅವರೆಲ್ಲ ಕೀಬೋರ್ಡ್ ಕುಟ್ಟುವವರೇ.

ಮಂಗಳವಾರವೂ ಕೆಂಪೇ. ಅವನು ಅವಳಿಗೆ ಸಕ್ಕರೆ ಇಲ್ಲದ ಚಹಾ ತಂದುಕೊಟ್ಟ.

"ನಂಗೆ ಸಕ್ಕರೆ ಬೇಡ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಿನ್ನೆ ಸಕ್ಕರೆ ಹಾಕಿದ್ದನ್ನ ನೀವು ಕುಡೀದೆ ಗಿಡಕ್ಕೆ ಸುರಿದ್ರಲ್ಲ, ನೋಡ್ದೆ."

"ಕೋಡ್ ನೋಡಿ ಅಂದ್ರೆ ನನ್ನ ನೋಡ್ತಿದ್ರಾ?"

"ಎರಡೂ ನೋಡ್ದೆ," ಎಂದವನು ತಕ್ಷಣ ಪರದೆಯ ಕಡೆ ತಿರುಗಿ ನಾಲಿಗೆ ಕಚ್ಚಿಕೊಂಡ. ಕೆಂಪಮ್ಮ ಲೋಟ ಎತ್ತಿ ಚಹಾವನ್ನು ಪೂರ್ತಿ ಕುಡಿದಳು.

ಆವತ್ತು ಸಂಜೆ ಮನೆಯಲ್ಲಿ ಅವಳು ಬಟ್ಟೆ ಮಡಿಸುತ್ತ ಹಾಡು ಗುನುಗಿದಳು. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಏನೇ, ಆಫೀಸಲ್ಲಿ ಎಲ್ಲ ಹಸಿರಾ?"

"ಇಲ್ಲ ಕಣೇ. ಎರಡು ದಿನದಿಂದ ಬರೀ ಕೆಂಪು."

"ಮತ್ತೆ ಇಷ್ಟೊಂದು ಕುಣೀತಿದ್ದೀಯ?" ಅಕ್ಕ ಹುಬ್ಬು ಹಾರಿಸಿದಳು. "ಯಾರೇ ಅದು?"

"ಯಾರೂ ಇಲ್ಲ, ಸುಮ್ನಿರು," ಎಂದು ಕೆಂಪಮ್ಮ ಭಾವನ ಷರ್ಟನ್ನು ತನ್ನ ಬಟ್ಟೆಯ ರಾಶಿಯೊಳಗೆ ಇಟ್ಟಳು.

ಬುಧವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ನಿನ್ನೆಯೆಲ್ಲ ಹೊಸಬನ ಫೈಲುಗಳನ್ನೇ ನೋಡಿದ್ದಾಯಿತು, ಪೈಥಾನ್ ನಿಜವಾಗಿ ಯಾವ ಮನೆಯಲ್ಲಿ ಕೂತಿದೆ ಎಂದು ಅದನ್ನೇ ಕೇಳೋಣ ಅನಿಸಿತು. ಒಂದು ಸಾಲು ಬರೆದು ವಿಳಾಸ ಕೇಳಿದಳು. ಬಂದ ಉತ್ತರವನ್ನು ಎರಡು ಸಲ ಓದಿದಳು.

ಅದು ಹೊಸಬನ ಫೋಲ್ಡರಿನ ಹತ್ತಿರ ಹೋಗಿಯೇ ಇರಲಿಲ್ಲ. ಅವಳ ಕಂಪ್ಯೂಟರಿನಲ್ಲೇ ಇದ್ದ, ಅದೇ ಸಾಫ್ಟ್‌ವೇರಿನ ಒಂದು ಹಳೆಯ ಪ್ರತಿಯಲ್ಲಿ ಕೂತಿತ್ತು. ಕಳೆದ ವಾರ ಒಂದು ಆಸ್ಪತ್ರೆಯಿಂದ ಹಳೆಯ ಸಾಫ್ಟ್‌ವೇರಿನ ಬಗ್ಗೆ ದೂರು ಬಂದಿತ್ತು. ಪರೀಕ್ಷಿಸಲು ಆ ಹಳೆಯದನ್ನು ಇನ್‌ಸ್ಟಾಲ್ ಮಾಡಿಕೊಂಡವಳು ಅವಳೇ, ಕೆಲಸ ಮುಗಿದ ಮೇಲೆ ತೆಗೆಯಲು ಮರೆತವಳೂ ಅವಳೇ. ಹೊಸ ಫೋಲ್ಡರ್ ಆ ಹಳೆಯದರಲ್ಲಿ ಎಲ್ಲಿಂದ ಸಿಗಬೇಕು! ಹೊಸಬನ ಕೋಡಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಅದನ್ನು ಅಳಿಸಲು ಒಂದು ಆಜ್ಞೆ ಸಾಕು. ಅವಳು ಬರೆದೂ ಬಿಟ್ಟಳು, ಕೊನೆಯ ಕೀಲಿ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಬಾಗಿಲು ತೆರೆದು ಹೊಸಬ ಬಂದ. ಒಂದು ಕೈಯಲ್ಲಿ ಎರಡು ಲೋಟ, ಬಗಲಲ್ಲಿ ಕುರ್ಚಿ.

"ಇವತ್ತು ಹೇಗಾದ್ರೂ ಬಿಡಿಸಿಬಿಡೋಣ," ಎಂದು ಪಕ್ಕದಲ್ಲಿ ಕೂತ. ಸ್ನಾನ ಮಾಡಿ ಸರಿಯಾಗಿ ಒರೆಸಿಕೊಳ್ಳದ ಕೂದಲು ಹಣೆಗೆ ಅಂಟಿತ್ತು.

ಹಸಿರಾದರೆ ಇವನು ಎದ್ದು ಹೋಗುತ್ತಾನೆ. ಆ ಯೋಚನೆ ಬಂದದ್ದೇ ತಡ, ಅವಳ ಕೈ ಪರದೆಯ ಮೇಲಿನ ಆ ಕಿಟಕಿಯನ್ನು ಮುಚ್ಚಿಬಿಟ್ಟಿತು. ಸಂಜೆ ಹೇಳಿದರಾಯಿತು ಎಂದುಕೊಂಡಳು. ಸಂಜೆಯ ತನಕ ಅವನು ತಲೆ ಚಚ್ಚಿಕೊಂಡ, ಅವಳು ಗೊತ್ತಿಲ್ಲದವಳ ಹಾಗೆ ತಲೆಯಾಡಿಸಿದಳು. ಸಂಜೆ ಹೇಳಲಿಲ್ಲ. ಪ್ರೀತಿಯಲ್ಲಿ ಬಿದ್ದವರು ಒಳ್ಳೆಯವರಾಗಿಯೇ ಇರುತ್ತಾರೆಂದು ಯಾರೂ ಬರೆದುಕೊಟ್ಟಿಲ್ಲ.

ಗುರುವಾರ ಮಧ್ಯಾಹ್ನ ಅವನು ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ. ಈ ಕೆಲಸ ನನ್ನ ಕೈಲಾಗೋ ಅಂಥದ್ದಲ್ಲ ಅನ್ಸುತ್ತೆ ಅಂದೆ."

"ಯಾಕೆ ಹಾಗಂದ್ರಿ?"

"ಒಂದು ಫೈಲ್ ಜಾಗ ಬದಲಾಯಿಸಿ ನಾಲ್ಕು ದಿನ ಆಯ್ತು, ಎಲ್ಲಿ ತಪ್ಪಿದೆ ಅಂತಾನೇ ಕಾಣ್ತಿಲ್ಲ. ಇಂಥವನ ಕೋಡ್ ನಂಬಿ ಯಾರು ಮಕ್ಕಳ ಲಸಿಕೆ ಇಡ್ತಾರೆ, ಹೇಳಿ."

ಅವನ ದನಿಯಲ್ಲಿ ದೂರು ಇರಲಿಲ್ಲ. ತನಗೆ ಎರಡು ದಿನದ ಸುಖ, ಇವನಿಗೆ ತನ್ನ ಮೇಲಿನ ನಂಬಿಕೆಯೇ ಹೋಗುತ್ತಿದೆ. "ನೋಡಿ, ಒಂದು ವಿಷಯ..." ಎಂದು ಅವಳು ಬಾಯಿ ತೆರೆದಳು.

ದೊಡ್ಡಮ್ಮನ ಕೋಣೆಯಿಂದ ಕರೆ ಬಂತು. "ನಾಳೆ ತನಕ ಯಾಕೆ? ಇವತ್ತೇ ಮಾತಾಡಿ ಮುಗಿಸಿಬಿಡೋಣ, ಬಾಪ್ಪ."

ಹೊಸಬ ಷರ್ಟಿನ ಕಾಲರ್ ಸರಿಮಾಡಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿತು. ಕೆಂಪಮ್ಮ ಎದ್ದು, ತಟ್ಟುವುದನ್ನೂ ಮರೆತು, ಬಾಗಿಲು ನೂಕಿಕೊಂಡು ಒಳಗೆ ಹೋದಳು.

"ಮೇಡಂ, ಅವರದೇನೂ ತಪ್ಪಿಲ್ಲ. ತಪ್ಪು ನನ್ನದು. ಹಳೇ ಪ್ರತೀನ ನನ್ನ ಕಂಪ್ಯೂಟರಲ್ಲಿ ಬಿಟ್ಟಿದ್ದೆ. ನನ್ನ ಟೆಸ್ಟ್‌ಗಳು ಅದನ್ನೇ ನೋಡ್ತಿದ್ವು. ಅವರ ಕೋಡನ್ನ ಅವು ಮುಟ್ಟೇ ಇಲ್ಲ."

ದೊಡ್ಡಮ್ಮ ಕನ್ನಡಕ ತೆಗೆದಳು. "ಯಾವಾಗ ಗೊತ್ತಾಯ್ತು?"

"ನಿನ್ನೆ ಬೆಳಿಗ್ಗೆ."

"ನಿನ್ನೆಯಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಯಾಕೆ?"

"ಕಾರಣ ಇದೆ ಮೇಡಂ. ಇಲ್ಲಿ ಹೇಳೋ ಅಂಥದ್ದಲ್ಲ."

ದೊಡ್ಡಮ್ಮ ಅವಳನ್ನೊಮ್ಮೆ, ಹೊಸಬನನ್ನೊಮ್ಮೆ ನೋಡಿದಳು. ಅವಳ ತುಟಿಯ ಮೂಲೆ ಅಲುಗಿತು, ಆದರೆ ದನಿ ಮಾತ್ರ ಬಿಗಿಯಾಗಿಯೇ ಇತ್ತು. "ಮುಂದಿನ ತಿಂಗಳು ಹಳೇ ಸಾಫ್ಟ್‌ವೇರಿನ ದೂರುಗಳೆಲ್ಲ ನಿನ್ನ ತಲೆಗೆ. ಹೋಗು, ಮೊದಲು ಅದನ್ನ ಅಳಿಸು. ನೀನು ಕಣಪ್ಪ, ಸೋಮವಾರದಿಂದ ಕಾಯಂ."

ಹಳೆಯದನ್ನು ಅಳಿಸಿದ್ದೇ ತಡ, ಪರದೆ ತುಂಬ ಹಸಿರು. ಹೊಸಬ ಅದನ್ನು ನಿಂತೇ ನೋಡಿದ. ಅವಳ ಕಡೆ ತಿರುಗಲಿಲ್ಲ. ತನ್ನ ಕುರ್ಚಿ ಎತ್ತಿಕೊಂಡು ತನ್ನ ಮೇಜಿಗೆ ಹೋದ.

ಸಂಜೆ ಅವಳು ಆಫೀಸಿನ ಮೆಟ್ಟಿಲಿಳಿದು ಬೀದಿಗೆ ಬಂದಳು. ಬಿಸಿಲು ಇನ್ನೂ ಅಂಗಡಿಗಳ ಗಾಜಿನ ಮೇಲಿತ್ತು. ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿಸಿತು.

"ನಿಂತ್ಕೊಳ್ಳಿ." ಹೊಸಬ ಓಡಿ ಬಂದು ಏದುಸಿರು ಬಿಡುತ್ತಿದ್ದ. "ನಿಮ್ಮ ಹೆಸರು ಕೆಡಬಾರದು ಅಂತ ತಾನೇ ಮುಚ್ಚಿಟ್ಟಿದ್ದು? ನನ್ನ ಕೆಲಸ ಹೋದ್ರೂ ಪರವಾಗಿಲ್ಲ, ಕೆಂಪಮ್ಮ ತಪ್ಪು ಮಾಡಿದ್ಳು ಅಂತ ಮಾತ್ರ ಆಗಬಾರದು. ಅಲ್ವಾ?"

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಒಂದಷ್ಟು ದಿನ ಮುಖ ತಿರುಗಿಸುತ್ತಿದ್ದ, ಅವಳ ಮರ್ಯಾದೆಯಾದರೂ ಉಳಿಯುತ್ತಿತ್ತು. ಕೆಂಪಮ್ಮ ರಸ್ತೆಯ ಕಲ್ಲುಗಳನ್ನು ನೋಡಿದಳು.

"ಅದಲ್ಲ. ಹಸಿರಾದ್ರೆ ನೀವು ಎದ್ದು ಹೋಗ್ತಿದ್ರಿ."

"ಏನು?"

"ನೀವು ಪಕ್ಕದಲ್ಲಿ ಕೂತಿರೋದು ನಂಗೆ ಇಷ್ಟ ಆಗಿತ್ತು. ನೀವಂದ್ರೇ ಇಷ್ಟ. ಇನ್ನೊಂದು ದಿನ ಇರ್ಲಿ, ಇನ್ನೊಂದು ದಿನ ಇರ್ಲಿ ಅಂತ ಸುಮ್ಮನಾದೆ. ನಿಮಗೆ ಇಷ್ಟು ನೋವಾಗುತ್ತೆ ಅಂತ ಯೋಚನೆನೇ ಮಾಡ್ಲಿಲ್ಲ. ಅದು ನನ್ನ ದೊಡ್ಡ ತಪ್ಪು. ನೀವು ಏನು ಬೈದ್ರೂ ಕೇಳಿಸ್ಕೊತೀನಿ."

ಅವನು ಬೈಯಲಿಲ್ಲ. ಕಿವಿಯ ತುದಿ ಹಿಡಿದು ಎಳೆದುಕೊಂಡ. ಒಂದು ಸೈಕಲ್ಲಿನವನು ಗಂಟೆ ಬಾರಿಸಿದಾಗ ಇಬ್ಬರೂ ಪಕ್ಕಕ್ಕೆ ಸರಿದರು.

"ಈ ವಾರ ಪೂರ್ತಿ ನಂಗೆ ಒಂದು ವಿಷಯ ಅರ್ಥವಾಗಿರ್ಲಿಲ್ಲ," ಎಂದ ಕೊನೆಗೆ. "ಕೆಲಸ ಹೋಗೋದು ಗ್ಯಾರಂಟಿ ಅಂತ ಅಮ್ಮನಿಗೆ ಹೇಳ್ತೀನಿ. ಬೆಳಿಗ್ಗೆ ಎದ್ರೆ ಮಾತ್ರ ಆಫೀಸಿಗೆ ಹೋಗೋಕೆ ಎಲ್ಲಿಲ್ಲದ ಸಂಭ್ರಮ. ನಂಗೇ ತಲೆ ಕೆಟ್ಟಿದೆಯೇನೋ ಅಂದ್ಕೊಂಡಿದ್ದೆ."

ಅವಳು ತಲೆಯೆತ್ತಿದಳು. ಅವನ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು, ಆದರೆ ಕಣ್ಣುಗಳು ಆ ಗಂಟಿಗೆ ಸಾಥ್ ಕೊಡುತ್ತಿರಲಿಲ್ಲ.

"ಹಾಗಾದ್ರೆ ಕೋಪ ಹೋಯ್ತಾ?"

"ಇಲ್ಲ. ಇದೆ. ಚೆನ್ನಾಗೇ ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ ರೀ. ನಿಮ್ಮ ಮೇಲೆ ಕೋಪ ಬಂದಿರೋದು ಇದೇ ಮೊದಲು." ಅವನು ಅವಳ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. "ಜೊತೇಲೇ ಇದ್ದು ನೋಡ್ಕೊಳ್ಳಿ."