ತಾರಾಲಯದ ಹಣೆಯ ಮೇಲಿನ ಅಕ್ಷರಗಳು

ಅಣ್ಣ ತೀರಿಕೊಂಡ ಸುದ್ದಿ ತಂದವನ ಮುಖವನ್ನು ಅವಳು ನೋಡಿದ್ದು ಅಂದೇ ಮೊದಲು. ಅವನು ಅಣ್ಣನ ನಾಮಫಲಕದ ಕಾರ್ಖಾನೆಯ ಪಾಲುದಾರ. ಅಣ್ಣ ಬರೆದ ಅಕ್ಷರಗಳನ್ನು ತಗಡಿನಲ್ಲಿ ಕತ್ತರಿಸುವವನು.

“ಕೆಲಸ ಮಾಡ್ತಾ ಮಾಡ್ತಾನೇ ಎದೆ ಹಿಡ್ಕೊಂಡ್ರು... ಆಸ್ಪತ್ರೆ ಮುಟ್ಟೋಷ್ಟರಲ್ಲಿ...”

ಅಮ್ಮ ಗೋಡೆ ಹಿಡಿದು ಕುಸಿದಳು.

ಹೊರಡುವಾಗ ಅವನು ಮೆಲ್ಲನೆ ಕೇಳಿದ. “ಅವರು ಬರೆದಿಟ್ಟ ಹಾಳೆಗಳು ಮನೇಲಿದ್ರೆ...”

“ನಮ್ಮಣ್ಣ ಇನ್ನೂ ಮನೆಗೆ ಬಂದಿಲ್ಲ, ನಿಮಗೆ ಹಾಳೆ ಬೇಕಾ!” ಅವಳು ಸಿಡಿದಳು.

ಅವನು ಮೆಟ್ಟಿಲಿಳಿದು ಹೋದ. ಎಂಥ ಕಲ್ಲುಮನಸ್ಸು!

ಕಾರಣ ತಿಳಿದದ್ದು ಆಮೇಲೆ. ಹೊಸ ತಾರಾಲಯಕ್ಕೆಂದು ಅಣ್ಣ ಹೊಸ ಅಕ್ಷರವಿನ್ಯಾಸಕ್ಕೆ ಕೈಹಾಕಿದ್ದ. ವೃತ್ತ, ಸರಳರೇಖೆ, ಅಷ್ಟೇ, ಬಳುಕಿಲ್ಲ, ಬಾಲವಿಲ್ಲ. ನಾಳಿನ ಲೋಕದಿಂದ ಇಳಿದು ಬಂದಂಥ ಅಕ್ಷರಗಳು. ಪುಸ್ತಕದಲ್ಲಿ ಓದಲಿಕ್ಕಲ್ಲ; ಕಟ್ಟಡದ ಹಣೆಯ ಮೇಲೆ ಆಳೆತ್ತರ ನಿಲ್ಲಲಿಕ್ಕೆ. ಅರ್ಧ ಬಾಕಿಯಿತ್ತು. ಉದ್ಘಾಟನೆಯೊಳಗೆ ಮುಗಿಯದಿದ್ದರೆ ಅಂಗಡಿಯ ಸಿದ್ಧ ಅಕ್ಷರ ಹಾಕಿಸುತ್ತೇವೆ ಎಂದಿದ್ದರು ತಾರಾಲಯದವರು.

‘ಅಣ್ಣನ ಕೆಲಸ ಅಳಿಸಿಹೋಗಲು ನಾನು ಬಿಡುವುದಿಲ್ಲ!’

ಅವಳು ಗಣಿತದ ಟೀಚರ್. ಶಾಲೆ ಬಿಟ್ಟೊಡನೆ ಕಾರ್ಖಾನೆಗೆ ಬಂದು, ಕೈವಾರ ಹಿಡಿದು ಉಳಿದ ಅಕ್ಷರಗಳನ್ನು ಬರೆದಳು. ಅವನು ಕತ್ತರಿಸಿದ. ಕೆಲಸ ಬಿಟ್ಟರೆ ಬೇರೆ ಮಾತಿಲ್ಲ. ಆದರೂ ಅವಳ ಹಸಿವು ಅವನಿಗೆ ಹೇಗೋ ತಿಳಿಯುತ್ತಿತ್ತು... ಮೇಜಿನ ತುದಿಗೆ ಚಹಾ, ಬ್ರೆಡ್ಡು ಬಂದು ಕೂರುತ್ತಿದ್ದವು.

ಒಂದು ಸಂಜೆ ಅವನು ಕತ್ತರಿಸಿದ ಅಕ್ಷರಗಳಿಗೆ ಅಳತೆಪಟ್ಟಿ ಇಟ್ಟು ನೋಡಿದವಳು ಬೆಚ್ಚಿದಳು.

“ದುಂಡಕ್ಷರಗಳೆಲ್ಲ ಗೆರೆ ದಾಟಿವೆ! ನಾನು ಬರೆದದ್ದನ್ನ ತಿದ್ದಿದ್ರಾ?”

“ಮೇಲೂ ಕೆಳಗೂ ಬೆರಳಷ್ಟು ಹಿಗ್ಗಿಸಿದೆ.”

“ಯಾರನ್ನ ಕೇಳಿ?”

“ಕೇಳಬೇಕಿತ್ತು, ತಪ್ಪಾಯ್ತು. ಆದ್ರೆ ಟೀಚರಮ್ಮಾ, ಲೆಕ್ಕ ಸರಿಯಿದ್ರೂ ಕಣ್ಣು ಮಾರ್ಕ್ಸ್ ಕೊಡಲ್ಲ.”

“ನಮ್ಮಣ್ಣನ ಅಕ್ಷರ ನಿಮ್ಮ ಆಟದ ಸಾಮಾನಲ್ಲ! ನಾನು ಬರೆದ ಹಾಗೇ ಇನ್ನೊಂದು ‘ರ’ ಕತ್ತರಿಸಿ. ಎರಡನ್ನೂ ಮೇಲೇರಿಸಿ ನೋಡೋಣ.”

ಮರುದಿನ ಬೆಳಿಗ್ಗೆ ತಾರಾಲಯದೆದುರು, ರಸ್ತೆಯಾಚೆ ನಿಂತು ಅವಳು ತಲೆಯೆತ್ತಿದಳು. ಅವಳ ಕರಾರುವಾಕ್ಕಾದ ‘ರ’ ನೇರ ಅಂಚಿನ ಅಕ್ಷರಗಳ ಪಕ್ಕದಲ್ಲಿ, ಅಳತೆ ಒಂದೇ ಆದರೂ, ಗಿಡ್ಡವಾಗಿ ಸೊರಗಿ ನಿಂತಿತ್ತು. ಅವನದು ಸರಿಸಮವಾಗಿ ಕಾಣುತ್ತಿತ್ತು.

“ಇದನ್ನ... ಎಲ್ಲಿ ಕಲಿತ್ರಿ?”

“ನಿಮ್ಮಣ್ಣನ ಹತ್ರ. ಅವರ ಅಕ್ಷರಗಳನ್ನೂ ಅಳೆದು ನೋಡಿ, ಹೀಗೇ ಇವೆ.”

“ಮೊದಲೇ ಹೇಳಬಾರದಿತ್ತಾ!”

“ಅವರ ಹೆಸರೆತ್ತಿದ್ರೆ ನೀವು ಅಳ್ತಿದ್ರಿ... ಅದನ್ನ ನೋಡೋ ಶಕ್ತಿ ನನಗಿರಲಿಲ್ಲ.”

ಅವಳು ಅವನತ್ತ ತಿರುಗಿದಳು. “ಆ ದಿನವೇ ಹಾಳೆ ಕೇಳಿದ್ದು ಯಾಕೆ?”

“ಆಸ್ಪತ್ರೆ ದಾರೀಲಿ ಅವರು ಆಡಿದ್ದು ಒಂದೇ ಮಾತು. ಕೆಲಸ ನಿಲ್ಲಿಸಬೇಡ ಅಂತ.”

ತನ್ನ ‘ರ’ವನ್ನು ಅವಳೇ ಹೇಳಿ ಇಳಿಸಿದಳು. ಉದ್ಘಾಟನೆಯ ಸಂಜೆ ಅಕ್ಷರಗಳ ಒಳಗೆ ದೀಪ ಹೊತ್ತಿಕೊಂಡಿತು. ಹಾದುಹೋಗುವವರೆಲ್ಲ ನಿಂತು ನೋಡಿದರು.

“ಕೆಲಸ ಮುಗೀತು... ಇನ್ನು ಬರಲ್ವಾ?” ಅವನು ಕೇಳಿದ.

“ಇದೇ ವಿನ್ಯಾಸದಲ್ಲಿ ಅಂಕಿಗಳು ಬಾಕಿ ಇವೆಯಲ್ಲ.”

“ಅವೂ ಮುಗಿದ ಮೇಲೆ?”

“ಅಮ್ಮನ್ನ ಬಂದು ಕೇಳಿ. ಮೊದಲು ಗದರ್ತಾಳೆ, ಹೆದರಬೇಡಿ.”

“ನಿಮ್ಮ ಗದರಿಕೆಗಿಂತ ಜಾಸ್ತೀನಾ?”

ಅವಳು ನಕ್ಕಳು, ನಗುತ್ತಲೇ ಕಣ್ಣು ತುಂಬಿತು. ಇಬ್ಬರೂ ಆ ಅಕ್ಷರಗಳತ್ತ ತಿರುಗಿ ಅಣ್ಣನಿಗಾಗಿ ಕೈಮುಗಿದರು.

ದೇವರೇ, ಅರ್ಧದಲ್ಲೇ ಎದ್ದುಹೋದ ಆ ಜೀವವನ್ನು ನಿನ್ನ ಮಡಿಲಲ್ಲಿ ಇಟ್ಟುಕೋ. ದಣಿದ ಆ ಕೈಗಳಿಗೆ ವಿಶ್ರಾಂತಿ ಕೊಡು, ಅವನಿಗೆ ಶಾಂತಿ ಕೊಡು.