ಒಳ್ಳೆಯ ರಿಪೋರ್ಟು

ಗಂಡನ ಹೊಟ್ಟೆಗೆ ಅಂಟಿಸಿದ್ದ ಚೀಲದ ವಿಷಯ, ಆಸ್ಪತ್ರೆಯವರನ್ನು ಬಿಟ್ಟರೆ, ತನಗೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು. ಕರುಳಿನ ಕ್ಯಾನ್ಸರ್ ಗೆಡ್ಡೆ ತೆಗೆದ ಮೇಲೆ, ಹೊಲಿಗೆ ಮಾಯುವವರೆಗೆ ಮಲ ಹೊರಬರಲು ಡಾಕ್ಟರು ಮಾಡಿದ್ದ ಏರ್ಪಾಡು ಅದು. ಹೆತ್ತ ತಾಯಿಗೂ ಹೇಳಕೂಡದು ಎಂದು ಅವನು ಆಣೆ ಹಾಕಿಸಿಕೊಂಡಿದ್ದ. ಅವಳು ಮೂಗು ಮುರಿಯದೆ ದಿನವೂ ಅದನ್ನು ಬದಲಾಯಿಸಿದಳು. ಒಂದು ಸಂಜೆ ಬಾಲ್ಯದ ಗೆಳತಿ ಹಣ್ಣು ಹಿಡಿದುಕೊಂಡು ನೋಡಲು ಬಂದಳು. ನಿದ್ದೆಯಲ್ಲಿದ್ದ ಅವನನ್ನು ಇವಳು ಮಗ್ಗುಲು ಹೊರಳಿಸಲು ಹೋದಾಗ ಗೆಳತಿ ಬಾಯಿತಪ್ಪಿ ಅಂದಳು: "ಬಲಕ್ಕೆ ಬೇಡ ಕಣೇ, ಚೀಲ ಎಳೆಯುತ್ತೆ."

ಅಷ್ಟು ಸಾಕಾಯಿತು. ಆಮೇಲೆ ಕೆದಕಿದರೆ ಮೂರು ವರ್ಷದ ಕತೆ ಹೊರಬಿತ್ತು. ಇಬ್ಬರೂ ಹಾಸಿಗೆ ಹಂಚಿಕೊಂಡದ್ದನ್ನು ಹೇಗೋ ನುಂಗಬಹುದಿತ್ತು. ತಾನು ತೊಳೆದ ಚೀಲದ ನಾಚಿಕೆಯನ್ನು ಅವನು ಗೆಳತಿಯ ಮುಂದೆ ಹೇಳಿಕೊಂಡು ಸಮಾಧಾನ ಮಾಡಿಸಿಕೊಂಡನಲ್ಲ, ಅದು ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಚಾಕರಿಗೆ ಹೆಂಡತಿ, ಸಂಕಟಕ್ಕೆ ಗೆಳತಿ. ಅವಳು ಜಗಳವಾಡಲಿಲ್ಲ. ಜಗಳವಾಡಿದವರ ಮೇಲೇ ಮೊದಲು ಅನುಮಾನ ಬರುವುದು.

ಅವಳ ಕೆಲಸ ಅದೇ ಆಸ್ಪತ್ರೆಯ ರಕ್ತದ ಲ್ಯಾಬಿನಲ್ಲಿ. ಕರುಳಿನ ಕ್ಯಾನ್ಸರಿನವರು ಎಷ್ಟು ಕಾಲ ಬಾಳಿಯಾರು ಎಂಬುದನ್ನು ರಕ್ತದ ಒಂಬತ್ತು ಪ್ರೋಟೀನುಗಳಿಂದ ಊಹಿಸುವ ಪರೀಕ್ಷೆ ಅಲ್ಲಿ ನಡೆಯುತ್ತಿತ್ತು. ಒಂಬತ್ತೂ ನೆಟ್ಟಗಿದ್ದರೆ ಮನೆಗೆ ಹೋಗಿ ಹಾಯಾಗಿರಿ ಎನ್ನುತ್ತಿದ್ದರು. ಕೆಟ್ಟಿದ್ದರೆ ತಡಮಾಡದೆ ಕಟು ಔಷಧಿ. ಚೀಲ ತೆಗೆದು ಕರುಳು ಜೋಡಿಸಿದ ಮೇಲೆ ಅವನ ಔಷಧಿಯ ತೀರ್ಮಾನವೂ ಈ ರಿಪೋರ್ಟಿನ ಮೇಲೆಯೇ ನಿಂತಿತ್ತು. ಅವಳು ಗುಟ್ಟಾಗಿ ಅವನ ರಕ್ತವನ್ನು ಒಮ್ಮೆ ಅಳೆದು ನೋಡಿದ್ದಳು. ಏಳು ಪ್ರೋಟೀನು ಕೆಟ್ಟಿದ್ದವು. ಔಷಧಿ ಬೀಳದಿದ್ದರೆ ಅವನು ಉಳಿಯುವಂತಿರಲಿಲ್ಲ.

ಹಾಗಾದರೆ ಔಷಧಿ ಬೀಳದಂತೆ ನೋಡಿಕೊಂಡರಾಯಿತು. ವಿಷ ಬೇಡ, ಚೂರಿ ಬೇಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಳ್ಳೆಯ ಸುದ್ದಿ ಹೇಳಿ ಕೊಂದವರನ್ನು ಹಿಡಿಯುವ ಪೊಲೀಸರು ಇನ್ನೂ ಹುಟ್ಟಿಲ್ಲ ಎಂದುಕೊಂಡು ಒಬ್ಬಳೇ ನಕ್ಕಳು.

ಮನೆಯಲ್ಲಿ ಅವಳು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಮೊದಲಿಗಿಂತ ಹೆಚ್ಚೇ ಹೆಂಡತಿಯಾದಳು. ಅವನ ತಲೆಗೆ ಎಣ್ಣೆ ಹಚ್ಚಿದಳು. ಮೈಯಲ್ಲಿ ಕಸುವು ಬಂದ ಮೇಲೆ ಅವನು ಹತ್ತಿರ ಬಂದಾಗ ದೂರ ತಳ್ಳಲಿಲ್ಲ. ಗೆಳತಿಯನ್ನು ಊಟಕ್ಕೆ ಕರೆದು ಇಬ್ಬರಿಗೂ ತಾನೇ ಬಡಿಸಿದಳು. "ನಿನ್ನಂಥವಳು ಸಿಗೋಕೆ ಪುಣ್ಯ ಮಾಡಿರಬೇಕು ಕಣೇ" ಎಂದು ಅವನು ಗೆಳತಿಯ ಎದುರಿಗೇ ಹೇಳಿದ. ಅವಳು ಇಬ್ಬರಿಗೂ ಇನ್ನೊಂದೊಂದು ಸೌಟು ಬಡಿಸಿದಳು.

ರಕ್ತ ಕೊಡುವ ದಿನ ಬಂತು. ನರ್ಸು ತೆಗೆದ ರಕ್ತ, ಹೆಸರಿಲ್ಲದೆ, ಅವಳು ಮೊದಲೇ ತಿಳಿದಿಟ್ಟುಕೊಂಡಿದ್ದ ಬರೀ ನಂಬರು ಹೊತ್ತು, ಅವಳ ಮೇಜಿಗೇ ಬಂತು. ಅವಳು ಬಚ್ಚಲುಮನೆಯಲ್ಲಿ ತನ್ನ ತೋಳಿನಿಂದ ಅಂಥದೇ ಇನ್ನೊಂದು ನೇರಳೆ ಮುಚ್ಚಳದ ಕೊಳವೆಗೆ ರಕ್ತ ತೆಗೆದುಕೊಂಡಳು. ಹೆಣ್ಣಿನ ರಕ್ತವಾದರೆ ಗೊತ್ತಾಗಿಬಿಡುತ್ತದೆಯೇ ಎಂದು ಮೊದಲೇ ಯೋಚಿಸಿದ್ದಳು. ಆ ಒಂಬತ್ತು ಪ್ರೋಟೀನುಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಅವನ ನಂಬರಿನ ಚೀಟಿಯನ್ನು ತನ್ನ ಕೊಳವೆಗೆ ಅಂಟಿಸಿ ಅವನ ಕೊಳವೆಯನ್ನು ಕಸಕ್ಕೆ ಹಾಕಿದಳು. ಕೈ ತೊಳೆದುಕೊಂಡು ಟೀ ಕುಡಿದಳು, ಸಕ್ಕರೆ ಕಡಿಮೆಯೆಂದು ಕ್ಯಾಂಟೀನಿನವನನ್ನು ಗದರಿದಳು.

ವಾರದ ಮೇಲೆ ಕ್ಯಾನ್ಸರ್ ಡಾಕ್ಟರು ಗಂಡಹೆಂಡಿರನ್ನು ಕೂರಿಸಿಕೊಂಡರು. ಒಂಬತ್ತೂ ಚೆನ್ನಾಗಿವೆ ಅಂದರು. ಅವನು ಖುಷಿಯಲ್ಲಿ ಅವಳ ಕೈ ಅದುಮಿದ. ಡಾಕ್ಟರು ಮಾತ್ರ ನಗಲಿಲ್ಲ. "ಯಂತ್ರ ಒಂಬತ್ತನ್ನೇ ಅಳೆಯೋಲ್ಲಮ್ಮ, ನೂರಾರು ಅಳೆಯುತ್ತೆ. ಉಳಿದದ್ದನ್ನ ನಾವ್ಯಾರೂ ನೋಡೋಲ್ಲ. ನಿಮ್ಮ ಯಜಮಾನರದ್ದಲ್ವಾ ಅಂತ ನಾನು ಈ ಸಲ ಪೂರ್ತಿ ಓದಿದೆ. ಇದರಲ್ಲಿ ಬಸುರಿ ಹೆಂಗಸರಲ್ಲಿ ಮಾತ್ರ ಇರೋ ಪ್ರೋಟೀನಿದೆ." ಯಾರದ್ದೋ ಜೊತೆ ಅದಲುಬದಲಾಗಿರಬೇಕು ಎಂದು ಗಂಡ ನಕ್ಕ. ಆ ಬೆಳಿಗ್ಗೆ ಬಂದ ರಕ್ತವೆಲ್ಲ ಗಂಡಸರದ್ದೇ, ಲ್ಯಾಬಿನಲ್ಲಿ ಅದನ್ನು ಮುಟ್ಟಿದ ಹೆಂಗಸು ಒಬ್ಬರೇ ಎಂದರು ಡಾಕ್ಟರು. ಗಂಡನ ನಗು ನಿಂತಿತು. ಮದುವೆಯಾದಾಗಿನಿಂದ ಮಗುವಿಗಾಗಿ ಕಾದು ಕಾದು ಆಸೆ ಬಿಟ್ಟಿದ್ದವಳು, ಅವನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲೂ ಆಗದೆ ಕೂತಳು. "ಇನ್ನೊಮ್ಮೆ ರಕ್ತ ತೆಗೀಬೇಕು," ಅಂದರು ಡಾಕ್ಟರು, "ಇಬ್ಬರದ್ದೂ."