ಟೀವಿ ಮುಂದಿನ ಪಾಳಿ

ಶಿವನಸಮುದ್ರದ ಪವರ್ ಹೌಸಿನಲ್ಲಿ ಇಪ್ಪತ್ತು ವರ್ಷದಿಂದ ಪಾಳಿ ಮಾಡುತ್ತಿದ್ದೇನೆ. ಮುಂದಿನ ಪಾಳಿಯವನು ಬಂದು ಪುಸ್ತಕದಲ್ಲಿ ಹೆಸರು ಬರೆಯುವ ತನಕ ಕೂತವನು ಏಳುವಂತಿಲ್ಲ. ಅಲ್ಲಿ ನನಗಿಂತ ಹಿರಿಯರಾಗಿದ್ದ ಕೆಂಪಸಿದ್ದಯ್ಯನವರು ನನಗೆ ಇದನ್ನು ಬೈದು ಬೈದು ಕಲಿಸಿದ್ದರು.

ಅವರು ತೀರಿಕೊಂಡು ಮೂರು ತಿಂಗಳು. ಹೋದ ಸೋಮವಾರ ಮಧ್ಯಾಹ್ನ ಮಳವಳ್ಳಿಯ ಅವರ ಮನೆಗೆ ಹೋದಾಗ, ಹೆಂಡತಿ ಶಿವನಂಜಮ್ಮ ಕೀಬೋರ್ಡ್ ಇದ್ದ ಹಳೇ ಪೆಟ್ಟಿಗೆಯೊಂದನ್ನು ತೋರಿಸಿದರು. ಫೋನಿನ ತಂತಿ ಸಿಕ್ಕಿಸಿದರೆ ಟೀವಿಯ ಮೇಲೆ ಸುದ್ದಿಯ ಪುಟ ತರಿಸುವ, ಇಂಟರ್ನೆಟ್ಟಿಗೂ ಮುಂಚಿನ ಯಂತ್ರ.

"ನಡೀತದಾ ನೋಡು ಪ್ರಸನ್ನ. ಇಲ್ದಿದ್ರೆ ಗುಜರಿಗಾಕ್ಬುಡಾನ."

ಟೀವಿಗೆ ಜೋಡಿಸಿ ಸ್ವಿಚ್ ಹಾಕಿದೆ. ಆ ಮನೆಯಲ್ಲಿ ಫೋನ್ ಲೈನೇ ಇಲ್ಲ. ತಂತಿಯ ತುದಿ ನೆಲದ ಮೇಲೆ ಬಿದ್ದಿತ್ತು. ಆದರೂ ಪೆಟ್ಟಿಗೆಯೊಳಗೆ ಸಣ್ಣಗೆ ಶಿಳ್ಳೆ ಕೇಳಿತು. ಬಿಸಿಯಾಗಬೇಕಾದ ಪೆಟ್ಟಿಗೆ ಕೈಗೆ ತಣ್ಣಗೆ ಕೊರೆಯಿತು. ಪರದೆಯ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಮೂಡಿತು. ಪಾಳಿಯಲ್ಲಿರುವವರು: ಕೆಂಪಸಿದ್ದಯ್ಯ. ಅದರ ಕೆಳಗೆ, ಮುಂದಿನ ಪಾಳಿಯವರು: ಖಾಲಿ.

ಇಪ್ಪತ್ತು ವರ್ಷದ ಅಭ್ಯಾಸ. ಯೋಚಿಸುವ ಮೊದಲೇ ನನ್ನ ಬೆರಳು ನನ್ನ ಹೆಸರು ಒತ್ತಿಬಿಟ್ಟಿತ್ತು. ಅವರ ಹೆಸರು ಅಳಿಸಿಹೋಗಿ ನನ್ನದು ಮೇಲಕ್ಕೇರಿತು. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ಯಾರಪ್ಪಾ ಈಗ ಎದ್ದೋದೋರು?" ಅಡುಗೆಮನೆಯಿಂದ ಶಿವನಂಜಮ್ಮ ಕೇಳಿದರು.

ಪ್ಲಗ್ ಕಿತ್ತವನೇ, ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದೆ.

ನಿನ್ನೆ ಮಂಡ್ಯದ ಬಸ್ಸಿನಲ್ಲಿ ಕೂತು ಶಿವನಂಜಮ್ಮನವರ ಮೊಬೈಲಿಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವರು ಅಂದರು:

"ಯಾರಾದ್ರೂ ಆಗ್ಲಿ, ಆಮೇಲ್ ಮಾಡಿ. ಪ್ರಸನ್ನಂಗೆ ಊಟಕ್ಕಿಕ್ತಾ ಇವ್ನಿ. ಸೋಮ್ವಾರದಿಂದ ಟೀವಿ ಮುಂದಿಂದ ಎದ್ದೇ ಇಲ್ಲ."